ಮೂರು ನಿಮಿಷ

ಡಾರ್ಕ್ ರೂಮಿನ ಕೀಲಿ ನನ್ನ ಸೆರಗಿನ ತುದಿಯಲ್ಲಿ,
ಇಪ್ಪತ್ತಾರು ವರ್ಷದಿಂದ.
ಸೋಡಿಯಂ ದೀಪ ಹಚ್ಚುವುದು, ಆರಿಸುವುದು,
ಪ್ರಿಸಮ್ಮಿನ ಮೇಲಿನ ಬೆರಳಚ್ಚು ಒರೆಸುವುದು.
ದೀಪ ಹಚ್ಚಿದ ಕೂಡಲೇ ಹಳದಿಯಾಗುವುದಿಲ್ಲ,
ಕೆಂಪಗೆ ಮುನಿಸಿಕೊಂಡು ಕೂತಿರುತ್ತದೆ ಸ್ವಲ್ಪ ಹೊತ್ತು.
ಅದು ಕಾಯುತ್ತದೆ, ನಾನೂ ಕಾಯುತ್ತೇನೆ.
ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಪದ.

ಪುಸ್ತಕದಲ್ಲಿ ಸ್ಫಟಿಕಕ್ಕೆ ಒಂದು ಅಂಕಿ ಇದೆ:
ಒಂದು ಬಿಂದು ಐದು ನಾಲ್ಕು ನಾಲ್ಕು ಎರಡು.
ಹುಡುಗರು ಮೊದಲು ಅದನ್ನು ಬರೆದುಕೊಳ್ಳುತ್ತಾರೆ,
ಆಮೇಲೆ ದೂರದರ್ಶಕಕ್ಕೆ ಕಣ್ಣಿಡುತ್ತಾರೆ.
ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿದರೆ
ಎಲ್ಲರದೂ ಸರಿ ಬರುತ್ತದೆ.
ನಾನು ಸುಮ್ಮನೆ ಪರದೆ ಎಳೆಯುತ್ತೇನೆ.

ಮೆಹರುನ್ನಿಸಾ ಮಾತ್ರ ಕೇಳಿದಳು:
"ಹಾಲಮ್ಮಾರೇ, ಈ ಅಂಕಿ ಎಷ್ಟು ಸೆಕೆಗೆ?"
ಅಂಚಿನಲ್ಲಿ ಇರುವೆಯಂಥ ಅಕ್ಷರದಲ್ಲಿತ್ತು: ಇಪ್ಪತ್ತು ಡಿಗ್ರಿ.
ಇಬ್ಬರೂ ನಕ್ಕೆವು.
ದಾವಣಗೆರೆಯ ಏಪ್ರಿಲ್ಲಿನಲ್ಲಿ ಇಪ್ಪತ್ತು ಡಿಗ್ರಿ
ಐಸ್‌ಕ್ಯಾಂಡಿ ಡಬ್ಬಿಯ ಮುಚ್ಚಳದ ಮೇಲೂ ಸಿಗದು.
ಹೊರಗೆ ಮೂವತ್ತೊಂಬತ್ತು. ಫ್ಯಾನು ಕೆಟ್ಟು ನಾಕು ದಿನ.

ಅವಳ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಮರಳು ಕಾಯಿಸುವವನು.
ಒಂದು ಚಿಟಿಕೆ ಅಕ್ಕಿ ಎಸೆದು, ಸದ್ದು ಕೇಳಿ
ಹದ ಹೇಳುತ್ತಾನಂತೆ.
ಮುಂಗೈ ಮೇಲೆ ಒಂದೂ ಕೂದಲಿಲ್ಲವಂತೆ.
"ಆ ಮರಳೂ ಈ ಹರಳೇ ಅಲ್ವಾ" ಎಂದಳು,
"ಪುಡಿಯಾಗಿದೆ, ಅಷ್ಟೇ."

ಮಾರನೇ ದಿನ ಆಟೋದಲ್ಲಿ ಬಂತು
ಡಾಲ್ಡಾ ಡಬ್ಬಿ ತುಂಬ ಭಟ್ಟಿಯ ಮರಳು,
ಹಳೇ ಕಂಬಳಿಯಲ್ಲಿ ಸುತ್ತಿ, ಅವಳ ಮಡಿಲಲ್ಲಿ.
ನನಗೆ ಹೊಟ್ಟೆಯೊಳಗೆ ಕಳವಳ.
ಸ್ಟಾಕ್ ರಿಜಿಸ್ಟರಿನಲ್ಲಿ ಹರಳಿನ ಎದುರಿಗೆ ನನ್ನ ಸಹಿ,
ಸೀಳು ಬಿಟ್ಟರೆ ಎರಡು ತಿಂಗಳ ಸಂಬಳ.
ಒಮ್ಮೆಲೇ ಬೇಡ ಕಣೇ ತಾಯಿ, ಎಂದೆ.
ಮೊದಲು ನನ್ನ ಅಂಗೈಯಲ್ಲಿ,
ಆಮೇಲೆ ಬಿಸಿಲಿನ ಕಿಟಕಿಯಲ್ಲಿ,
ಆಮೇಲೆ ದೀಪದ ಬುಡದಲ್ಲಿಟ್ಟು
ಬಾಣಂತಿಗೆ ನೀರು ಬೆರೆಸುವ ಹಾಗೆ ಹದಕ್ಕೆ ತಂದು
ಕಿಂಡಿ ಕೊರೆದ ತಗಡಿನ ಪೆಟ್ಟಿಗೆಯೊಳಗೆ ಕೂರಿಸಿದೆವು.
ಸುತ್ತ ಮರಳು.

ಥರ್ಮಾಮೀಟರು ನೂರ ಇಪ್ಪತ್ತು.
ದೂರದರ್ಶಕದೊಳಗಿನ ಜೇಡದೆಳೆಯ ಮೇಲೆ
ಹಳದಿ ಗೆರೆ ನಿಲ್ಲಿಸಿ ಅವಳು ಓದಿದಳು, ನಾನು ಬರೆದೆ.
ಮರಳು ಆರುತ್ತಾ ಬಂತು.
ನೂರು.
ಎಂಬತ್ತು.
ಅರವತ್ತಕ್ಕೆ ಬರುವಷ್ಟರಲ್ಲಿ ಕಾಲೇಜಿನ ಗಂಟೆ ಹೊಡೆದಿತ್ತು,
ಎದ್ದು ಹೋಗಲು ಇಬ್ಬರಿಗೂ ನೆನಪಾಗಲಿಲ್ಲ.
ಗೆರೆ ಕದಲಿದ್ದನ್ನು ಕಂಡೆ ಎಂದು ಯಾರೂ ಆಣೆ ಇಡಲಾರರು.
ಆದರೂ ಎಳೆ ಬಿಟ್ಟು ಆಚೆ ನಿಂತಿತ್ತು,
ಪಂಕ್ತಿಯಲ್ಲಿ ಇನ್ನೊಬ್ಬರಿಗೆ ಜಾಗ ಕೊಟ್ಟು
ಜರುಗಿ ಕೂತವರ ಹಾಗೆ.

ಮೂರು ನಿಮಿಷಕ್ಕೆ ಚೂರು ಕಡಿಮೆ.
ಗಡಿಯಾರದ ನಿಮಿಷ ಅಲ್ಲ, ಕೋನದ್ದು:
ಒಂದು ಡಿಗ್ರಿಯನ್ನು ಅರವತ್ತು ಹೋಳು ಮಾಡಿ, ಅದರಲ್ಲಿ.
ಕಾದ ಸ್ಫಟಿಕ ಬೆಳಕನ್ನು ಅಷ್ಟು ಕಡಿಮೆ ಬಗ್ಗಿಸುತ್ತದೆ.
ಒಳಗಿನ ಕಣಗಳು ಸೆಕೆಗೆ ದೂರ ದೂರ ಸರಿದಿರುತ್ತವೆ ಎಂದಳು.
ನನಗೆ ನಮ್ಮ ಮಾಳಿಗೆ ಕಣ್ಣಿಗೆ ಬಂತು:
ಮೇ ತಿಂಗಳ ರಾತ್ರಿ, ಚಾಪೆ ಬಿಟ್ಟು ಹೊರಳಿದ ಮಕ್ಕಳು,
ನಡುವೆ ನೀರಿನ ಚೊಂಬು ಹಿಡಿದು ದಾಟಲು
ಕಾಲಿಗೆ ಸಿಗುವ ದಾರಿ.

ಪರೀಕ್ಷೆಗೆ ಬಂದ ಸಾಹೇಬರು ಬೇರೆ ಊರಿನವರು.
ಮೆಹರುನ್ನಿಸಾಳ ಅಂಕಿಯ ಪಕ್ಕ
ಮೂವತ್ತೊಂಬತ್ತು ಡಿಗ್ರಿ ಎಂದು ಬರೆದಿತ್ತು.
ಅಂಕಿಗೆ ರೈಟ್ ಹಾಕಿದರು,
ಡಿಗ್ರಿಯ ಮೇಲೆ ಕೆಂಪು ಗೆರೆ ಎಳೆದರು.
"ಇದನ್ನ ಯಾರು ಕೇಳಿದ್ರು?"

ಪೆಟ್ಟಿಗೆ ತೊಳೆಯುವಾಗ ಮರಳಿನ ತಳದಲ್ಲಿ
ಒಂದು ಅಕ್ಕಿಕಾಳು ಸಿಕ್ಕಿತು, ಅರಳದ್ದು, ಕರಿಕಲು.
ಎಷ್ಟು ಕಾದಿತ್ತೋ.
ಎಸೆಯಲಿಲ್ಲ. ಹರಳಿನ ಮಖಮಲ್ಲಿನ ಡಬ್ಬಿಯಲ್ಲೇ ಇಟ್ಟಿದ್ದೇನೆ.
ರಿಜಿಸ್ಟರಿನಲ್ಲಿ ಅದಕ್ಕೆ ನಂಬರಿಲ್ಲ.